ರಾಯಚೂರಿನಲ್ಲಿರುವ 68 ವರ್ಷದ ಅಪ್ಪನ ನೆನಪಿನ ಶಕ್ತಿಗೆ ನಡಿಗೆ ಸಾಕೇ, ಪದಬಂಧವೂ ಬೇಕೇ?

ಎರಡೂ ಬೇಕು. ಒಂದನ್ನೇ ಆರಿಸಿ ಎಂದರೆ ನನ್ನ ಮತ ನಡಿಗೆಗೆ.

ಕಾರಣವಿದೆ. ನೆನಪುಗಳನ್ನು ಕೂಡಿಡುವ ಹಿಪೊಕ್ಯಾಂಪಸ್ ಎಂಬ ಮಿದುಳಿನ ಭಾಗ ವಯಸ್ಸಾದಂತೆ ಕುಗ್ಗುತ್ತದೆ. 2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 120 ಹಿರಿಯರ ಪೈಕಿ ಅರ್ಧದಷ್ಟು ಮಂದಿ ಒಂದು ವರ್ಷ, ವಾರಕ್ಕೆ ಮೂರು ದಿನ ಬಿರುಸಾಗಿ ನಡೆದರು. ಅವರಲ್ಲಿ ಆ ಭಾಗ ಸುಮಾರು ಶೇ 2ರಷ್ಟು ಹಿಗ್ಗಿತು. ಮೈ ಸಡಿಲಿಸುವ ವ್ಯಾಯಾಮವನ್ನಷ್ಟೇ ಮಾಡಿದ ಉಳಿದವರಲ್ಲಿ ಕುಗ್ಗಿತು. ನಡಿಗೆಯಿಂದ ರಕ್ತದೊತ್ತಡ, ಸಕ್ಕರೆ ಹತೋಟಿಗೆ ಬರುವುದೂ ಮಿದುಳಿಗೆ ಲಾಭವೇ.

ಪದಬಂಧದ ಮಿತಿ ಬೇರೆ. ದಿನಾ ಬಿಡಿಸುವವರು ಪದಬಂಧದಲ್ಲಿ ಪಳಗುತ್ತಾರೆ, ಕನ್ನಡಕ ಎಲ್ಲಿಟ್ಟೆನೆಂಬುದು ಅದರಿಂದ ನೆನಪಾಗದು! ಹೊಸದನ್ನು ಕಲಿಯುವುದು, ಜೊತೆಗಾರರಿರುವ ಆಟ ಹೆಚ್ಚು ಒಳ್ಳೆಯದು. ಕೊಪ್ಪಳದಲ್ಲಿ ನಮ್ಮ ಅತ್ತೆ ಮಧ್ಯಾಹ್ನ ಕಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದು ಕೂರುತ್ತಾರೆ. ಕವಡೆ ಉರುಳುವ ಮೊದಲೇ ಎದುರಾಳಿಯ ಕಾಯಿ ಎಷ್ಟು ಮನೆ ದೂರವಿದೆ ಎಂದು ಲೆಕ್ಕ ಹಾಕಿರುತ್ತಾರೆ. ಮೋಸ ಮಾಡಿದರೆ ಬಿಡುವುದಿಲ್ಲ.

ವಾರಕ್ಕೆ 150 ನಿಮಿಷದ ನಡಿಗೆ ಗುರಿಯಾಗಿರಲಿ. ಮಾತನಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಸಾಕು. ನಿಮ್ಮೂರಿನ ಬೇಸಿಗೆ ಬಿಸಿಲಿನ ಬಗ್ಗೆ ನಾನು ಹೇಳಬೇಕಾಗಿಲ್ಲ: ಸೂರ್ಯ ಏರುವ ಮೊದಲೇ ಮನೆ ಸೇರಲಿ. ಗೊತ್ತಿರುವ ದಾರಿಯೇ ತಪ್ಪುತ್ತಿದ್ದರೆ ಮಾತ್ರ ಮೊದಲು ವೈದ್ಯರಿಗೆ ತೋರಿಸಿ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ತೊಂದರೆಯಿಂದಲೂ ಮರೆವು ಬರುತ್ತದೆ.