ಆರ್ 0.3 ಬಂದರೆ ‘ಸಂಬಂಧವಿಲ್ಲ’ ಎಂದು ಬರೆಯಬಹುದೇ?

ಇಪ್ಪತ್ತು ವರ್ಷಗಳ ಮಳೆಗೂ ರಾಗಿ ಇಳುವರಿಗೂ ಆರ್ (ಎರಡು ಅಳತೆಗಳು ಎಷ್ಟರಮಟ್ಟಿಗೆ ಒಟ್ಟಿಗೆ ಏರಿಳಿಯುತ್ತವೆ ಎಂದು ಮೈನಸ್ 1ರಿಂದ 1ರೊಳಗೆ ಹೇಳುವ ಸಹಸಂಬಂಧಾಂಕ) 0.3 ಬಂದಿದೆ, ‘ಸಂಬಂಧವಿಲ್ಲ’ ಎಂದು ಬರೆದು ಮುಗಿಸಲೇ, ಚದುರು ನಕ್ಷೆ (ಪ್ರತಿ ಜೋಡಿ ಅಳತೆಗೆ ಒಂದು ಚುಕ್ಕೆ ಇಡುವ ಚಿತ್ರ) ಹಾಕಲೇಬೇಕೇ, ಆರ್ ಎಷ್ಟಿದ್ದರೆ ಸಾಕು ಎಂದು ಕೇಳಿದ್ದೀರಿ. ಬರೆಯಬೇಡಿ. ಹಾಗೆ ಬರೆದು ಆರು ತಿಂಗಳು ಕಳೆದುಕೊಂಡವನು ನಾನು.

ಎಂ.ಎಸ್ಸಿ. ಕೊನೆಯ ವರ್ಷದ ನನ್ನ ಪ್ರಾಜೆಕ್ಟ್ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಕೊಳವೆ ಬಾವಿಗಳ ಆಳ ಮತ್ತು ನೀರಿನಲ್ಲಿರುವ ಫ್ಲೋರೈಡ್ ಕುರಿತದ್ದು. ಬಾಗೇಪಲ್ಲಿ, ಗುಡಿಬಂಡೆ ಕಡೆ ಬೈಕಿನಲ್ಲಿ ಸುತ್ತಿ 38 ಬಾವಿಗಳ ನೀರನ್ನು ಬಾಟಲಿಗಳಲ್ಲಿ ತಂದೆ. 29 ಬಾವಿಗಳ ಆಳವನ್ನು ರೈತರೇ ಹೇಳಿದರು, ಅಡಿ ಲೆಕ್ಕದಲ್ಲಿ. ಉಳಿದ 9 ಕುಡಿಯುವ ನೀರಿನ ಹೊಸ ಬಾವಿಗಳು. ಅವುಗಳ ಆಳ ಒಂದು ಕಚೇರಿಯ ಪಟ್ಟಿಯಲ್ಲಿ ಸಿಕ್ಕಿತು, ಮೀಟರ್ ಲೆಕ್ಕದಲ್ಲಿ. ಎರಡನ್ನೂ ಒಂದೇ ಕಾಲಮ್ಮಿಗೆ ತುಂಬಿದೆ.

ಗೊತ್ತಿಲ್ಲದೆ ತುಂಬಿದ್ದಲ್ಲ, ಈಗಲೂ ಹೊಟ್ಟೆ ಉರಿಯುವುದು ಅದಕ್ಕೇ. ಅಳತೆಯ ಮಾನ ಬದಲಾದರೂ ಆರ್ ಬದಲಾಗದು ಎಂದು ಓದಿದ್ದೆ. ಅದು ನಿಜವೇ. ಅಡಿಯನ್ನು ಮೀಟರಿಗೆ ತರಲು ಇಡೀ ಕಾಲಮ್ಮನ್ನು 0.3048ರಿಂದ ಗುಣಿಸಿದರೆ ಎಲ್ಲ ಚುಕ್ಕೆಗಳೂ ಒಟ್ಟಿಗೇ ಕುಗ್ಗುತ್ತವೆ, ಅವುಗಳ ವಿನ್ಯಾಸ ಕೆಡುವುದಿಲ್ಲ. ಒಂಬತ್ತನ್ನು ಮಾತ್ರ ಮೀಟರಿನಲ್ಲಿ ಬಿಟ್ಟರೆ? 1,083 ಅಡಿಯ ಬಾವಿ 330 ಎಂದು ಎಡಕ್ಕೆ ಹಾರಿ ಕೂರುತ್ತದೆ. ಅರ್ಧ ಓದಿದ ನಿಯಮವನ್ನು ನಂಬಿದ್ದೇ ನನ್ನ ತಪ್ಪು. ಆರ್ ಮೈನಸ್ 0.21 ಬಂತು. ‘ಗಮನಾರ್ಹ ಸಂಬಂಧವಿಲ್ಲ’ ಎಂದು ಬರೆದು, ವರದಿಗೆ ಬೈಂಡ್ ಹಾಕಿಸಿದೆ. ಪರೀಕ್ಷಕರು ಪುಟ ತಿರುವಿ, ‘ನಕ್ಷೆ ಎಲ್ಲಿ?’ ಎಂದಷ್ಟೇ ಕೇಳಿ ಹಿಂದಕ್ಕೆ ಕೊಟ್ಟರು.

ಮನೆಗೆ ಬಂದು ಗ್ರಾಫ್ ಹಾಳೆಯ ಮೇಲೆ ಕೆಂಪು ಪೆನ್ನಿನಲ್ಲಿ 38 ಚುಕ್ಕೆ ಇಟ್ಟೆ, ಅಡ್ಡಕ್ಕೆ ಆಳ, ಮೇಲಕ್ಕೆ ಫ್ಲೋರೈಡ್. ಬಲಕ್ಕೆ ಏರುವ ಒಂದು ಗುಂಪು, ಎಡ ಮೂಲೆಯ ಮೇಲುಗಡೆ ಇನ್ನೊಂದು ಪುಟ್ಟ ಗುಂಪು. ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕಿ ಬಂದ ಅಪ್ಪ ಬಗ್ಗಿ ನೋಡಿದರು. ‘ಈ ಮೂಲೆಯವು ಯಾರ ಬಾವಿಯೋ? 330 ಅಡಿಗೆ ನೀರು ಬರುವಂತಿದ್ದರೆ ನಾನೇಕೆ ಸಾಲ ಮಾಡಿ 1,200 ಅಡಿ ಕೊರೆಸುತ್ತಿದ್ದೆ?’

ಒಂಬತ್ತನ್ನೂ ಅಡಿಗೆ ತಂದಾಗ ಆರ್ 0.65 ಆಯಿತು. ಹಾಗೆಂದು ಕೊರೆದ ಆಳವೇ ಫ್ಲೋರೈಡ್ ತಂದಿತು ಎನ್ನುವಂತಿಲ್ಲ. ಫ್ಲೋರೈಡ್ ಬರುವುದು ಕಲ್ಲಿನ ಖನಿಜಗಳಿಂದ. ನೀರು ಎಂಥ ಕಲ್ಲಿನ ನಡುವೆ ಎಷ್ಟು ಕಾಲ ನಿಂತಿತ್ತು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಸಾವಿರ ಅಡಿ ದಾಟಿದ ನನ್ನ ಎರಡು ಬಾವಿಗಳಲ್ಲಿ ಒಂದರದು ಲೀಟರಿಗೆ 0.9 ಮಿಲಿಗ್ರಾಂ, ಇನ್ನೊಂದರದು 2.8.

ಆದ್ದರಿಂದ ‘ಆರ್ ಎಷ್ಟಿದ್ದರೆ ಸಾಕು’ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. 1973ರಲ್ಲಿ ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್‌ಸ್ಕೊಂಬ್ ತಲಾ ಹನ್ನೊಂದು ಚುಕ್ಕೆಗಳ ನಾಲ್ಕು ಗುಂಪು ಕೊಟ್ಟರು. ನಾಲ್ಕರಲ್ಲೂ ಆರ್ ಸುಮಾರು 0.82, ಚಿತ್ರಗಳು ಮಾತ್ರ ಒಂದಕ್ಕೊಂದು ಹೋಲುವುದಿಲ್ಲ. ಆರ್ ಅಳೆಯುವುದು ನೇರ ಗೆರೆಯನ್ನಷ್ಟೇ. ರಾಗಿಗೆ ಮಳೆ ಕಡಿಮೆಯಾದರೂ ಕಷ್ಟ, ಕೊಯ್ಲಿನವರೆಗೂ ಹೊಡೆದರೂ ಕಷ್ಟ. ನಿಮ್ಮ ಚುಕ್ಕೆಗಳು ಗುಡ್ಡದಂತೆ ಏರಿ ಇಳಿದಿದ್ದರೆ, ಗಟ್ಟಿ ಸಂಬಂಧವಿದ್ದೂ 0.3 ಬರಬಹುದು.

ಅಂದ ಹಾಗೆ, ನಿಮ್ಮ ಇಳುವರಿ ಎಕರೆ ಲೆಕ್ಕದ್ದೋ ಹೆಕ್ಟೇರ್ ಲೆಕ್ಕದ್ದೋ? ಇಪ್ಪತ್ತೂ ವರ್ಷ ಒಂದೇ ಇದೆಯೇ? ಮೊದಲು ಅದನ್ನು ನೋಡಿ.