ಜೊಕಾಸ್ಟಾ ಸುಮ್ನೆ ನಿಂತ ಹೊತ್ತು

ಪ್ರಶ್ನೆ: ಸಾರ್, ಲಂಕೇಶರ ‘ದೊರೆ ಈಡಿಪಸ್’ ಓದ್ದೆ. ಅಪ್ಪನ್ನ ಕೊಂದು ಅಮ್ಮನ್ನೇ ಮದುವೆ ಆದೋನ ಕಥೆ ಅಂತ ಮೊದ್ಲೇ ಗೊತ್ತಿತ್ತು, ಆದ್ರೂ ಕೊರಿಂಥ್‌ನಿಂದ ದೂತ ಬರೋ ಸೀನ್ ಓದುವಾಗ ಎದೆ ಡವಡವ ಅಂತಿತ್ತು. ಕೊನೆ ಗೊತ್ತಿರೋ ಕಥೇಲಿ ಟೆನ್ಷನ್ ಎಲ್ಲಿಂದ ಬರತ್ತೆ?

ಉತ್ತರ: ಕೊನೆ ಗೊತ್ತಿರೋದ್ರಿಂದಾನೇ ಬರತ್ತೆ ಮಾರಾಯ್ರೆ. ಕ್ರಿ.ಪೂ. 5ನೇ ಶತಮಾನದಲ್ಲಿ ಸೋಫೋಕ್ಲಿಸ್ ಇದನ್ನ ಅಥೆನ್ಸ್‌ನಲ್ಲಿ ಆಡಿಸಿದಾಗ್ಲೂ ನೋಡೋಕೆ ಬಂದೋರಿಗೆ ಕಥೆ ಗೊತ್ತಿತ್ತು. ಹಾಗಾಗಿ ಅವನು ಆಟ ಆಡಿದ್ದೆಲ್ಲ ಯಾರಿಗೆ ಯಾವಾಗ ಗೊತ್ತಾಗತ್ತೆ ಅನ್ನೋದ್ರ ಮೇಲೆ.

ಆ ಸೀನ್ ಶುರುವಾಗೋದೇ ಒಳ್ಳೆ ಸುದ್ದಿಯಿಂದ, ಗಮನಿಸಿದ್ರಾ? ಗಂಡ ಈಡಿಪಸ್‌ನ ಭಯ ಕಳೀಲಿ ಅಂತ ರಾಣಿ ಜೊಕಾಸ್ಟಾ (ಅವನನ್ನ ಹೆತ್ತೋಳೂ ಅವಳೇ, ಆದ್ರೆ ಇಬ್ರಿಗೂ ಗೊತ್ತಿಲ್ಲ) ಆಗ್ತಾನೇ ಅಪೊಲೊ ದೇವರಿಗೆ ಬೇಡ್ಕೊಂಡಿರ್ತಾಳೆ, ದೇವರೇ ಕಳಿಸಿದ ಹಾಗೆ ದೂತ ಬರ್ತಾನೆ. ಈಡಿಪಸ್ ತನ್ನ ಅಪ್ಪ ಅಂದ್ಕೊಂಡಿರೋ ಕೊರಿಂಥ್‌ನ ರಾಜ ಪಾಲಿಬಸ್ ವಯಸ್ಸಾಗಿ ತೀರ್ಕೊಂಡ, ಈಡಿಪಸ್ಸನ್ನೇ ರಾಜ ಮಾಡ್ತಾರಂತೆ ಅಂತಾನೆ. ಅಪ್ಪನ್ನ ಕೊಲ್ತೀಯ ಅಂತ ದೈವವಾಣಿ ಹೇಳಿದ್ದು ಸುಳ್ಳಾಯ್ತಲ್ಲ ಅಂತ ಇಬ್ರೂ ನಿಟ್ಟುಸಿರು ಬಿಡ್ತಾರೆ. ಆದ್ರೆ ಅಮ್ಮ ಅಂದ್ಕೊಂಡಿರೋ ಮೆರೋಪಿ ಇನ್ನೂ ಬದುಕಿದ್ದಾಳೆ, ಅದೊಂದು ಭಯ ಈಡಿಪಸ್‌ಗೆ ಉಳ್ದಿರತ್ತೆ. ಪಾಪ ಆ ದೂತ ಇದನ್ನೂ ಬಗೆಹರಿಸಿಬಿಟ್ರೆ ತನಗೇನಾದ್ರೂ ಇನಾಮು ಸಿಗಬಹುದು ಅಂತ ಬಾಯಿ ಬಿಡ್ತಾನೆ, ಅಯ್ಯೋ ಅವರು ನಿನ್ನ ಹೆತ್ತೋರೇ ಅಲ್ಲಪ್ಪ, ಕಿಥೈರಾನ್ ಬೆಟ್ಟದಲ್ಲಿ ಈ ಊರಿನ ಹಿಂದಿನ ರಾಜ ಲೇಯಸ್‌ನ ಕಡೆಯ ಒಬ್ಬ ಕುರುಬ ನಿನ್ನನ್ನ ನನ್ನ ಕೈಗೆ ಕೊಟ್ಟ, ಕಾಲಿನ ಗಿಣ್ಣುಗಳನ್ನ ಚುಚ್ಚಿ ಕಟ್ಟಿದ್ರು, ಬಿಚ್ಚಿದೋನೇ ನಾನು ಅಂತ. ಭಯ ಕಳೆಯೋಕೆ ಆಡಿದ ಮಾತೇ ಮನೆ ಮುಳುಗಿಸ್ತು. ಅರಿಸ್ಟಾಟಲ್ ಕೂಡ ಕಥೆ ತಿರುಗಿ ಬೀಳೋದು ಅಂದ್ರೇನು ಅಂತ ವಿವರಿಸುವಾಗ ಇದೇ ದೂತನನ್ನ ಉದಾಹರಣೆ ಕೊಡ್ತಾನೆ.

ನನ್ನನ್ನ ಕೇಳಿದ್ರೆ ಆ ಸೀನ್‌ನ ಜೀವ ದೂತನ ಹತ್ರ ಇಲ್ಲ, ಜೊಕಾಸ್ಟಾ ಹತ್ರ ಇದೆ. ಮೊದಲ ಗಂಡ ಲೇಯಸ್‌ನಿಂದ ಹುಟ್ಟಿದ ತನ್ನ ಮಗೂನ ಕಾಲು ಬಿಗಿದು ಬೆಟ್ಟಕ್ಕೆ ಎಸೆಸಿದ ವಿಷ್ಯಾನ ಸ್ವಲ್ಪ ಹೊತ್ತಿನ ಮುಂಚೆ ಅವಳೇ ಹೇಳಿರ್ತಾಳೆ. ಈಗ ಇವರಿಬ್ರೂ ಗಿಣ್ಣು, ಬೆಟ್ಟ, ಕುರುಬ ಅಂತ ಮಾತಾಡ್ತಾನೇ ಇರ್ತಾರೆ, ಅವಳು ಪಕ್ಕದಲ್ಲೇ ನಿಂತಿದ್ದಾಳೆ, ಒಂದು ಮಾತಿಲ್ಲ. ನಮಗೆ ಮೊದ್ಲೇ ಗೊತ್ತು, ಅವಳಿಗೆ ಈಗ ಗೊತ್ತಾಯ್ತು, ಅವನಿಗೆ ಇನ್ನೂ ಇಲ್ಲ. ಮೂರು ಥರದ ತಿಳುವಳಿಕೆ ಒಂದೇ ಸ್ಟೇಜ್ ಸುತ್ತ ನಿಂತ್ಕೊಂಡಾಗ ಎದೆ ಹೊಡ್ಕೊಳ್ದೆ ಇನ್ನೇನು ಮಾಡತ್ತೆ! ಕೊನೆಗೆ ಅವನು ತಿರುಗಿ ಕೇಳ್ದಾಗ ಬೇಡ, ಕೆದಕಬೇಡ ಅಂತ ಅಂಗಲಾಚ್ತಾಳೆ. ಇವನು ಏನಂದ್ಕೋತಾನೆ ಗೊತ್ತಾ, ನಾನು ಕೀಳು ಮನೇಲಿ ಹುಟ್ಟಿದೋನು ಅಂತ ರಾಣಿಗೆ ನಾಚಿಕೆ ಅಂತ! ಅವಳು ಒಳಗೆ ಹೋಗ್ತಾಳೆ, ಇವನು ನಾನು ಅದೃಷ್ಟದೇವತೆಯ ಮಗ ಅಂತ ಬೀಗ್ತಾನೆ, ಮೇಳದವರು ಸಂತೋಷದ ಹಾಡು ಹಾಡ್ತಾರೆ. ಇದಕ್ಕಿಂತ ಕ್ರೂರವಾದ ಜಾಗದಲ್ಲಿ ಸಂತೋಷದ ಹಾಡು ಇಟ್ಟಿರೋದನ್ನ ನಾನಂತೂ ನೋಡಿಲ್ಲ.

ಪ್ರಶ್ನೆ: ನಮ್ಮ ಟೀಮ್ ಇದೇ ಸೀನ್ ಮಾಡ್ತಿದೆ. ಜೊಕಾಸ್ಟಾ ಮಾತಿಲ್ದೆ ನಿಂತಾಗ ಸ್ಟೇಜ್ ಖಾಲಿ ಹೊಡೆಯತ್ತೆ, ಅಳಿಸೋಣ, ಹಿಂದೆ ಮ್ಯೂಸಿಕ್ ಹಾಕೋಣ ಅಂತಾರೆ ಡೈರೆಕ್ಟರ್. ಸರೀನಾ?

ಉತ್ತರ: ದಯವಿಟ್ಟು ಬೇಡ. ಅವಳು ಅತ್ರೆ ಈಡಿಪಸ್ ನೋಡದೇ ಇರೋಕಾಗತ್ತಾ? ಅವನು ನೋಡಿದ್ರೆ ಸೀನ್ ಅಲ್ಲೇ ಮುಗೀತು. ಗ್ರೀಕರ ನಟರು ಮುಖವಾಡ ಹಾಕ್ತಿದ್ರು, ಮುಖಭಾವ ಅನ್ನೋದೇ ಇರ್ಲಿಲ್ಲ, ಮೈ ಹೇಗೆ ನಿಂತಿದೆ ಅನ್ನೋದ್ರಲ್ಲೇ ಎಲ್ಲ ಗೊತ್ತಾಗ್ಬೇಕಿತ್ತು. ‘ಗಿಣ್ಣು’ ಅನ್ನೋ ಮಾತು ಬಂದಾಗ ಅವಳ ಕೈ ಎಲ್ಲಿದೆಯೋ ಅಲ್ಲೇ ನಿಂತುಬಿಡ್ಲಿ, ಸಾಕು. ಅಂದ ಹಾಗೆ ಒಂದು ಮಜಾ ಹೇಳ್ತೀನಿ, ಅವರಲ್ಲಿ ಮಾತಾಡೋ ನಟರು ಮೂರೇ ಜನ, ಈಡಿಪಸ್ ಮತ್ತೆ ದೂತ ಸ್ಟೇಜ್ ಬಿಟ್ಟು ಕದಲಲ್ಲ, ಅಂದ್ಮೇಲೆ ಮುಂದೆ ಬರೋ ಮುದಿ ಕುರುಬನ ಪಾತ್ರಾನ ಒಳಗೆ ಹೋದ ಜೊಕಾಸ್ಟಾ ನಟನೇ ಮುಖವಾಡ ಬದಲಾಯಿಸಿ ಮಾಡ್ಬೇಕು. ಮುಚ್ಚಿಡೋಕೆ ಬೇಡ್ಕೊಂಡ ಗಂಟಲೇ ವಾಪಸ್ ಬಂದು ಸತ್ಯ ಕಕ್ಕತ್ತೆ!

ಪ್ರಶ್ನೆ: ಕುರುಬನನ್ನ ಬೆದರಿಸಿ ಬಾಯಿ ಬಿಡಿಸೋ ಸೀನೇ ಅಲ್ವಾ ಅಸಲಿ ಕ್ಲೈಮ್ಯಾಕ್ಸ್?

ಉತ್ತರ: ಇರ್ಲಿ, ಒಪ್ಪೋಣ, ಆದ್ರೆ ಬಿಲ್ಲು ಬಗ್ಗಿಸಿದ್ದು ಹಿಂದಿನ ಸೀನ್, ಇಲ್ಲಿ ಬಾಣ ಬಿಡೋದಷ್ಟೇ. ಒಂದು ಜಾಗ ಮಾತ್ರ ನನಗೆ ತುಂಬಾ ಇಷ್ಟ, ಹೇಳಬಾರದ ಮಾತು ನಾಲಿಗೆ ತುದಿಗೆ ಬಂತಲ್ಲ ಅನ್ನೋ ಹಾಗೆ ಕುರುಬ ಒದ್ದಾಡ್ತಾನೆ, ಕೇಳಬಾರದ್ದು ನನ್ನ ಕಿವಿ ಹತ್ರಾನೂ ಬಂದಿದೆ, ಆದ್ರೂ ಕೇಳ್ಲೇಬೇಕು ಅಂತಾನೆ ಈಡಿಪಸ್. ಈ ಎರಡು ಸಾಲಿನ ಮಧ್ಯೆ ಗ್ಯಾಪ್ ಕೊಡೋ ನಟರನ್ನ ನೋಡಿದೀನಿ, ಎಲ್ಲಾ ಇಳಿದುಹೋಗತ್ತೆ. ಒಂದರ ಬೆನ್ನಿಗೆ ಇನ್ನೊಂದು ಬರ್ಬೇಕು, ಅವನು ಯೋಚನೆ ಮಾಡೋಕೆ ಹೊತ್ತೇ ಸಿಗಬಾರದು.