ಅಮ್ಮನ ಪಾಸ್‌ಪೋರ್ಟ್ ಅವಧಿ ಅಮೆರಿಕದಲ್ಲೇ ಮುಗಿಯುತ್ತಿದೆ, ಏನು ಮಾಡಲಿ?

ಪ್ರಶ್ನೆ: ನನ್ನ ಬಾಣಂತನಕ್ಕೆಂದು ಅಮ್ಮ ನವೆಂಬರ್ 2ರಂದು ಮೈಸೂರಿನಿಂದ ಬಂದಿದ್ದಾರೆ. ಹೆರಿಗೆ ಜನವರಿ ಎರಡನೇ ವಾರ. ಅವರ ವಾಪಸ್ ಟಿಕೆಟ್ ಏಪ್ರಿಲ್ 12ಕ್ಕೆ. ಮೊನ್ನೆ ನೋಡಿದರೆ ಪಾಸ್‌ಪೋರ್ಟ್ 2026ರ ಫೆಬ್ರವರಿ 18ಕ್ಕೆ ಮುಗಿಯುತ್ತದೆ. ವೀಸಾ 2029ರವರೆಗೆ ಇದೆ. ಹೊಸ ಪಾಸ್‌ಪೋರ್ಟ್ ತರಿಸಿಕೊಂಡರೆ ಸಾಕು ಎನ್ನುತ್ತಾರೆ ಒಬ್ಬರು, ತಕ್ಷಣ ಊರಿಗೆ ಕಳಿಸಿಬಿಡಿ ಎನ್ನುತ್ತಾರೆ ಇನ್ನೊಬ್ಬರು. ಅಪ್ಪನೂ ಮಾರ್ಚ್‌ನಲ್ಲಿ ಬರುವವರಿದ್ದಾರೆ. 2016ರಲ್ಲಿ ಇಬ್ಬರೂ ಒಟ್ಟಿಗೇ ಬೆಂಗಳೂರಿಗೆ ಹೋಗಿ ಪಾಸ್‌ಪೋರ್ಟ್ ಮಾಡಿಸಿದ್ದು.
— ಹೆಸರು ಬೇಡ, ಎಡಿಸನ್, ನ್ಯೂಜೆರ್ಸಿ

ಉತ್ತರ: ತಂಗಿ, ಮೊದಲು ಗಾಬರಿ ಬಿಡಿ. ತುಂಬು ಬಸುರಿ ನೀವು, ಕೈಯಲ್ಲಿ ಇನ್ನೂ ಸಮಯವಿದೆ. ಆದರೆ ಪಾಸ್‌ಪೋರ್ಟ್ ಪಕ್ಕಕ್ಕಿಟ್ಟು ಈಗಲೇ ಇನ್ನೊಂದು ಕಾಗದ ನೋಡಬೇಕು. ಅಮೆರಿಕದ ಗಡಿ ಇಲಾಖೆಯ ವೆಬ್‌ಸೈಟಿನಲ್ಲಿ ಅಮ್ಮನ ಪಾಸ್‌ಪೋರ್ಟ್ ಸಂಖ್ಯೆ ಹಾಕಿ ಅವರ ಐ-94 ತೆಗೆಯಿರಿ. ಅವರು ಅಲ್ಲಿ ಎಂದಿನವರೆಗೆ ಇರಬಹುದು ಎಂಬುದು ಅದರಲ್ಲಿರುತ್ತದೆ. ಸಾಮಾನ್ಯವಾಗಿ ಪ್ರವಾಸಿಗಳಿಗೆ ಆರು ತಿಂಗಳು ಕೊಡುತ್ತಾರೆ. ಪಾಸ್‌ಪೋರ್ಟ್ ಅದಕ್ಕೆ ಮೊದಲೇ ಮುಗಿಯುವಂತಿದ್ದರೆ ವಿಮಾನ ನಿಲ್ದಾಣದ ಅಧಿಕಾರಿ ಎಷ್ಟೋ ಸಲ ಪಾಸ್‌ಪೋರ್ಟ್ ಮುಗಿಯುವ ದಿನವನ್ನೇ ಬರೆದುಬಿಡುತ್ತಾರೆ. ಟ್ರಾವೆಲ್ ಏಜೆನ್ಸಿಯಲ್ಲಿ ಕೂತು ಇದನ್ನು ಬಹಳ ಮನೆಗಳಲ್ಲಿ ಕಂಡಿದ್ದೇನೆ. ವೀಸಾ 2029ರವರೆಗೆ ಇದೆ ಎಂದು ಎಲ್ಲರೂ ನಿಶ್ಚಿಂತೆಯಿಂದ ಇರುತ್ತಾರೆ. ವೀಸಾ ಬಾಗಿಲವರೆಗೆ ಕರೆತರುತ್ತದೆ, ಒಳಗೆ ಎಷ್ಟು ದಿನ ಎಂಬುದನ್ನು ಹೇಳುವುದು ಐ-94.

ಅದರಲ್ಲಿ ಮೇ ತಿಂಗಳ ತಾರೀಖು ಇದ್ದರೆ ಪಾಸ್‌ಪೋರ್ಟ್ ಒಂದನ್ನು ಹೊಸದು ಮಾಡಿಸಿಕೊಳ್ಳಿ, ಏಪ್ರಿಲ್ 12ರ ಟಿಕೆಟ್ ಹಾಗೇ ಇರಲಿ. ಫೆಬ್ರವರಿ 18 ಎಂದಿದ್ದರೆ ಮಾತ್ರ ಕೆಲಸ ಎರಡು. ಹೊಸ ಪಾಸ್‌ಪೋರ್ಟ್ ಕೈಗೆ ಬಂದ ಮಾತ್ರಕ್ಕೆ ಐ-94 ತಾನಾಗಿ ಮುಂದಕ್ಕೆ ಹೋಗುವುದಿಲ್ಲ. "ಹೊಸದು ಬಂದರೆ ಸಾಕು" ಎಂದವರು ಹೇಳದೆ ಬಿಟ್ಟದ್ದು ಇದನ್ನೇ. ಆ ದಿನ ದಾಟಿ ಸುಮ್ಮನೆ ಉಳಿದರೆ 2029ರವರೆಗಿನ ವೀಸಾ ತಾನಾಗಿಯೇ ರದ್ದು. ಅನುಮತಿಯಿಲ್ಲದೆ ಉಳಿದದ್ದು 180 ದಿನ ಮೀರಿ ಆಮೇಲೆ ಹೊರಟರೆ ಮೂರು ವರ್ಷ ಮತ್ತೆ ಬರುವಂತಿಲ್ಲ. ಮೊಮ್ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಬರಬೇಕಾದ ಅಜ್ಜಿಗೆ ಇಂಥ ತೊಂದರೆ ಯಾಕೆ?

ಪಾಸ್‌ಪೋರ್ಟ್ ಅರ್ಜಿ ಈ ವಾರವೇ ಹಾಕಿ. ಅವಧಿ ಮುಗಿಯಲು ಒಂದು ವರ್ಷ ಇರುವಾಗಿನಿಂದಲೇ ಹಾಕಲು ಅವಕಾಶವಿದೆ, ಆದ್ದರಿಂದ ಬೇಗ ಆಯಿತು ಎಂದು ಯಾರೂ ಹಿಂದಕ್ಕೆ ಕಳಿಸುವುದಿಲ್ಲ. ನ್ಯೂಜೆರ್ಸಿ ಸೇರುವುದು ನ್ಯೂಯಾರ್ಕಿನ ಭಾರತೀಯ ಕಾನ್ಸುಲೇಟ್‌ಗೆ. ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಫಾರಂ ತುಂಬಿ ಕಾನ್ಸುಲೇಟ್ ಪರವಾಗಿ ಅರ್ಜಿ ತೆಗೆದುಕೊಳ್ಳುವ ವಿಎಫ್‌ಎಸ್ ಗ್ಲೋಬಲ್ ಎಂಬ ಸಂಸ್ಥೆಯ ಮೂಲಕ ಕಳಿಸಬೇಕು. ಕಳಿಸುವ ಮುಂಚೆ ಹಳೆಯ ಪಾಸ್‌ಪೋರ್ಟಿನ ಎಲ್ಲ ಪುಟಗಳನ್ನೂ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ವೀಸಾ ಅಂಟಿಸಿದ ಪುಟ, ತಂದೆ-ತಾಯಿ-ಗಂಡನ ಹೆಸರು ಮತ್ತು ವಿಳಾಸ ಇರುವ ಕೊನೆಯ ಪುಟ, ಯಾವುದೂ ಬಿಟ್ಟುಹೋಗಬಾರದು. ಹೆಸರಿನ ಒಂದಕ್ಷರ, ಇನಿಷಿಯಲ್ ಕೂಡ ಹಳೆಯದರಲ್ಲಿ ಇರುವಂತೆಯೇ ತುಂಬಿ. ವಯಸ್ಸಾದವರ ಅರ್ಜಿ ಹೆಚ್ಚಾಗಿ ತಡೆದು ನಿಲ್ಲುವುದು ಸಹಿಯ ಚೌಕದ ಹತ್ತಿರ. ಅಮ್ಮ ಕನ್ನಡದಲ್ಲಿ ಸಹಿ ಮಾಡುವವರಾದರೆ ಕನ್ನಡದಲ್ಲೇ ಮಾಡಲಿ. ಆದರೆ ಬಿಳಿ ಹಾಳೆಯ ಮೇಲೆ ಅದೇ ಅಳತೆಯ ಚೌಕ ಗೀಚಿ ನಾಲ್ಕಾರು ಸಲ ಬರೆಸಿ. ಗೆರೆ ಮುಟ್ಟಬಾರದು.

ಇನ್ನು ಐ-94ರಲ್ಲಿ ಫೆಬ್ರವರಿ 18 ಎಂದಿದ್ದರೆ ಮಾಡಬೇಕಾದ ಎರಡನೇ ಕೆಲಸ, ವಾಸದ ಅವಧಿಯದು. ಹೆರಿಗೆಯಾಗಿ ಐದು ವಾರಕ್ಕೆ ಅಮ್ಮ ಹೊರಟುಬಿಟ್ಟರೆ ನಿಮಗೆ ಕಷ್ಟವೆಂದು ನನಗೆ ಗೊತ್ತು. ಹಸಿ ಬಾಣಂತಿಗೆ ಎಣ್ಣೆನೀರು, ಮಗುವಿಗೆ ಕಾಲ ಮೇಲೆ ಹಾಕಿ ಸ್ನಾನ, ಇದೆಲ್ಲ ವಿಡಿಯೊ ಕಾಲ್‌ನಲ್ಲಿ ಆಗುವ ಕೆಲಸವಲ್ಲ. ಅದಕ್ಕೇ ಹೇಳುತ್ತೇನೆ, ಟಿಕೆಟನ್ನು ಫೆಬ್ರವರಿಗೆ ಬದಲಿಸುವುದಕ್ಕಿಂತ ವಾಸದ ಅವಧಿ ವಿಸ್ತರಿಸಿ ಎಂದು ಕೇಳುವ ಐ-539 ಅರ್ಜಿ ಹಾಕಿ. ಆನ್‌ಲೈನ್‌ನಲ್ಲಿ ಶುಲ್ಕ 420 ಡಾಲರ್. ಅವಧಿ ಮುಗಿಯುವ 45 ದಿನ ಮೊದಲೇ ಹಾಕಿ ಎಂದು ಅಲ್ಲಿನ ವಲಸೆ ಇಲಾಖೆಯೇ ಹೇಳುತ್ತದೆ. ಅಂದರೆ ಹೊಸ ವರ್ಷದ ಮೊದಲ ದಿನಗಳಲ್ಲೇ. ಹೆರಿಗೆಯ ದಿನಾಂಕ ಇರುವ ವೈದ್ಯರ ಪತ್ರ, ಏಪ್ರಿಲ್ 12ರ ಟಿಕೆಟ್, ಅಮ್ಮನ ಖರ್ಚು ನೀವು ನೋಡಿಕೊಳ್ಳುವ ಬಗ್ಗೆ ಬ್ಯಾಂಕ್ ಕಾಗದ ಜೊತೆಗಿರಲಿ. ಉಳಿಯುವಷ್ಟು ದಿನವೂ ಪಾಸ್‌ಪೋರ್ಟ್ ಚಾಲ್ತಿಯಲ್ಲಿರಬೇಕು ಎಂಬುದು ಅವರ ನಿಯಮ. ಪಾಸ್‌ಪೋರ್ಟ್ ಅರ್ಜಿಗೆ ಅವಸರ ಮಾಡುತ್ತಿರುವುದು ಅದಕ್ಕೇ. ಅಷ್ಟರೊಳಗೆ ಹೊಸದು ಬರದಿದ್ದರೆ ವಲಸೆ ವಕೀಲರೊಬ್ಬರನ್ನು ಒಮ್ಮೆ ಕೇಳಿ, ಆದರೆ ಫೆಬ್ರವರಿ 18 ದಾಟಿಸಬೇಡಿ. ತೀರ್ಮಾನಕ್ಕೆ ತಿಂಗಳುಗಳೇ ಹಿಡಿಯಬಹುದು. ಸಮಯಕ್ಕೆ ಸರಿಯಾಗಿ ಹಾಕಿದ್ದರೆ ಅರ್ಜಿ ಬಾಕಿ ಇರುವಾಗ ಅಮ್ಮ ಉಳಿದದ್ದನ್ನು ಅಕ್ರಮ ವಾಸವೆಂದು ಎಣಿಸುವುದಿಲ್ಲ. ಅರ್ಜಿ ಹಾಕಿದ್ದಕ್ಕೆ ಕೊಡುವ ರಸೀದಿಯನ್ನು ಜೋಪಾನ ಮಾಡಿ, ಮುಂದಿನ ಸಲ ಬರುವಾಗ ಕೇಳಿದರೆ ತೋರಿಸಬೇಕಾಗುತ್ತದೆ.

ಹಳೆಯ ಪಾಸ್‌ಪೋರ್ಟ್ ರದ್ದಾಗಿ ವಾಪಸು ಬರುತ್ತದೆ. ವೀಸಾದ ಪುಟ ಕೆಡದಿದ್ದರೆ ಆ ವೀಸಾಕ್ಕೆ ಬೆಲೆ ಇದ್ದೇ ಇದೆ. ಮುಂದೆ ಅಮೆರಿಕಕ್ಕೆ ಬರುವಾಗ ಹಳೆಯದು, ಹೊಸದು ಎರಡೂ ಕೈಚೀಲದಲ್ಲಿರಲಿ, ಸೂಟ್‌ಕೇಸಿನಲ್ಲಿ ಬೇಡ.

ಎಮರ್ಜೆನ್ಸಿ ಸರ್ಟಿಫಿಕೇಟ್ ಎಂದು ಯಾರಾದರೂ ಹೇಳಿದರೆ ತಿಳಿದಿರಲಿ, ಅದು ಭಾರತಕ್ಕೆ ಒಂದೇ ಸಲ ಮರಳಲು ಕೊಡುವ ಕಾಗದ. ಪಾಸ್‌ಪೋರ್ಟ್ ಕಳೆದುಹೋದಾಗ, ಅವಧಿ ಮುಗಿದಿರುವಾಗಲೇ ಊರಲ್ಲಿ ತುರ್ತು ಬಂದಾಗ ಉಪಯೋಗ. ನಿಮಗೆ ಬೇಕಿಲ್ಲ.

ನೀವು ಕೇಳದ ಒಂದು ವಿಷಯ. ಇಬ್ಬರದೂ ಒಟ್ಟಿಗೇ ಮಾಡಿಸಿದ್ದಾದರೆ ಅಪ್ಪನ ಪಾಸ್‌ಪೋರ್ಟ್ ಕೂಡ ಫೆಬ್ರವರಿ ಆಸುಪಾಸಿನಲ್ಲೇ ಮುಗಿಯುತ್ತದೆ. ಮಾರ್ಚ್‌ನಲ್ಲಿ ಅವರನ್ನು ವಿಮಾನ ಹತ್ತಿಸುವುದಿಲ್ಲ. ಈಗ ಬೆಂಗಳೂರಿಗೆ ಅಲೆಯಬೇಕಿಲ್ಲ, ಮೈಸೂರಿನಲ್ಲಿ 2017ರಿಂದಲೇ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರವಿದೆ. 36 ಪುಟದ್ದಕ್ಕೆ 1500 ರೂಪಾಯಿ. ಇವತ್ತು ರಾತ್ರಿ ಫೋನ್ ಮಾಡಿದಾಗ ಬೀರುವಿನಿಂದ ತೆಗೆಸಿ ತಾರೀಖು ಓದಿಸಿ, ಅಪಾಯಿಂಟ್‌ಮೆಂಟ್ ನೀವೇ ಅಲ್ಲಿಂದ ಬುಕ್ ಮಾಡಿಕೊಡಿ.